ಮೂರು ಸಲ ಮೂರು, ಆಮೇಲೆ ಒಂಬತ್ತು

ನಮ್ಮ ಮನೆಯಲ್ಲಿ ಹಾಲಿನ ಪಾತ್ರೆಗೆ ಮುಚ್ಚಳವಿಲ್ಲ. ಇದ್ದದ್ದು ಯಾವ ಕಾಲದಲ್ಲಿ ಕಳೆದುಹೋಯಿತೋ, ಅದರ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾರ್ಡು ಬಂದು ಕೂತಿದೆ. ಕಾರ್ಡಿನ ಮೇಲೆ ನಾಲ್ಕು ಮರಗಳು. ಒಂದು ಚಿಗುರಿದೆ, ಒಂದು ಹಸಿರು ತುಂಬಿ ನಿಂತಿದೆ, ಒಂದರ ಎಲೆಗಳು ಕೆಂಪಾಗಿ ಉದುರುತ್ತಿವೆ, ಕೊನೆಯದು ಬೋಳಾಗಿ ಮೈತುಂಬ ಹಿಮ ಹೊತ್ತಿದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ನಿನ್ನ ಆತ್ಮ ಈಗ ಯಾವ ಋತುವಿನಲ್ಲಿದೆ?’ ಎಂಬ ಪ್ರಶ್ನೆ. ದಿನಾ ಬೆಳಿಗ್ಗೆ ಹಾಲು ಕಾಯಿಸಿ, ಅದರ ಮೇಲೆ ಈ ಪ್ರಶ್ನೆಯನ್ನು ಮುಚ್ಚಿಟ್ಟು ನಾನು ಸ್ನಾನಕ್ಕೆ ಹೋಗುತ್ತೇನೆ. ಇಷ್ಟು ವರ್ಷಗಳಲ್ಲಿ ಆ ಕಾರ್ಡು ಮಾಡಿದ ಉಪಕಾರವೆಂದರೆ ಬೆಕ್ಕನ್ನು ತಡೆದದ್ದು ಮಾತ್ರ.

ಕಾರವಾರದವರಿಗೆ ಹಿಮದ ಮರ ತೋರಿಸಿ ಆತ್ಮದ ಸಮಾಚಾರ ಕೇಳುವವರ ಧೈರ್ಯವನ್ನು ಮೆಚ್ಚಬೇಕು. ನಮ್ಮ ಕಡೆ ಬರ್ಫ ಕಾಣಸಿಗುವುದು ಮೀನಿನ ಪೆಟ್ಟಿಗೆಯಲ್ಲಿ. ಅದಕ್ಕೂ ಬಂಗಡೆಯ ವಾಸನೆ. ಎಲೆ ಉದುರುವುದನ್ನು ನೋಡಿ ವೈರಾಗ್ಯ ತಾಳೋಣವೆಂದರೆ, ಹಲಸಿನ ಮರ ವರ್ಷವಿಡೀ ಉದುರಿಸುತ್ತದೆ, ನಾವು ವರ್ಷವಿಡೀ ಗುಡಿಸುತ್ತೇವೆ, ಗುಡಿಸಿದ್ದನ್ನು ಬಚ್ಚಲ ಒಲೆಗೆ ಹಾಕುತ್ತೇವೆ. ನಮ್ಮಲ್ಲಿರುವುದು ಎರಡೇ ಋತು. ದೋಣಿ ನೀರಿಗಿಳಿಯುವುದು ಒಂದು, ದೋಣಿ ದಡಕ್ಕೇರುವುದು ಇನ್ನೊಂದು. ಎರಡರ ನಡುವೆ ಛತ್ರಿ ಹುಡುಕುತ್ತಾ ಅರ್ಧ ಆಯುಷ್ಯ ಕಳೆಯುತ್ತದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು. ಮದುವೆಯಾಗಲಿಲ್ಲ. ಜಾತಿಯಲ್ಲಿ ಕ್ರಿಸ್ತುವರು, ಮನೆಮಾತು ಕೊಂಕಣಿ, ಹೊಟ್ಟೆಪಾಡು ಕನ್ನಡ. ಬಾಯಿ ಸ್ವಲ್ಪ ಖಾರವೆಂದು ಊರೆಲ್ಲ ಹೇಳುತ್ತದೆ, ಊರು ಇಂಥ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ನನ್ನ ಆತ್ಮಕ್ಕೂ ಋತುಗಳು ಬಂದು ಹೋಗಿವೆ. ಒಂದೂ ಆ ಕಾರ್ಡಿನಲ್ಲಿಲ್ಲ. ಎಂಟನೆಯ ವಯಸ್ಸಿನಲ್ಲಿ ನಾನು ಕನ್ಯಾಸ್ತ್ರೀಯಾಗಲು ನಿರ್ಧರಿಸಿದ್ದೆ, ಕಾರಣ ಕಾನ್ವೆಂಟಿನ ಹಿತ್ತಲಲ್ಲಿ ಜೋಕಾಲಿ ಇತ್ತು, ಪಕ್ಕದಲ್ಲೇ ಪೇರಳೆ ಗಿಡವಿತ್ತು. ಮೊದಲ ಪ್ರಸಾದ ಸ್ವೀಕರಿಸುವ ದಿನ ಚಿತ್ತಾಕುಲದ ಚಿಕ್ಕಮ್ಮನ ಮಗಳ ಬಿಳಿ ಫ್ರಾಕು ಎರವಲು ತಂದು ತೊಡಿಸಿದ್ದರು. ಅದು ನನಗಿಂತ ಒಂದು ವರ್ಷ ಸಣ್ಣದು. ಯೇಸುಸ್ವಾಮಿ ಹೃದಯದೊಳಕ್ಕೆ ಬರುತ್ತಾನೆ ಎಂದು ಪಾದ್ರಿ ಹೇಳುತ್ತಿರಬೇಕಾದರೆ ನನಗೆ ಇದ್ದ ಚಿಂತೆ, ಅವನು ಒಳಗೆ ಬಂದದ್ದೇ ಬೆನ್ನಿನ ಗುಂಡಿ ಕಿತ್ತು ಹಿಂದಿನ ಸಾಲಿನವರ ಕಣ್ಣಿಗೆ ಬಡಿದರೆ ಏನು ಗತಿ ಎಂಬುದು. ಇದು ನನ್ನ ವಸಂತ ಋತು ಎಂದಿಟ್ಟುಕೊಳ್ಳಿ.

ಕಾಲೇಜಿಗೆ ಹೋದ ಮೇಲೆ ನಾಸ್ತಿಕಳಾದೆ. ಕಾರವಾರದ ಬಸ್ಸಿನಲ್ಲಿ ದಿನಾ ನಿಂತು ಬರುವವರಿಗೆ ಅದೇನೂ ಕಷ್ಟದ ಕೆಲಸವಲ್ಲ. ಒಂದು ಸಂಜೆ ಮನೆಗೆ ಬಂದು, ಹಿತ್ತಲ ಕಟ್ಟೆಯ ಮೇಲೆ ಸಿಗಡಿ ಬಿಡಿಸುತ್ತ ಕೂತಿದ್ದ ನನ್ನ ತಾಯಿಗೆ, ನಾವು ‘ಮಾಯ್’ ಅನ್ನುತ್ತೇವೆ, ದೇವರಿಲ್ಲವೆಂದು ಘೋಷಿಸಿದೆ. ಇಂಥ ಸುದ್ದಿ ಕೇಳಿ ತಾಯಂದಿರು ಎದೆ ಹಿಡಿದುಕೊಳ್ಳುತ್ತಾರೆಂದು ಕಥೆಗಳಲ್ಲಿ ಓದಿದ್ದೆ.

“ಇಲ್ದಿದ್ರೆ ಇಲ್ಲ. ಆ ಬದಿ ಕೂತ್ಕೊಂಡು ನಾಕು ಸಿಗಡಿ ಬಿಡಿಸು,” ಅಂದಳು ಮಾಯ್.

ಮನೆಯಲ್ಲಿ ನಾವಾಡುವುದು ಕೊಂಕಣಿಯೇ. ಇಲ್ಲಿ ಮಾಯ್‌ನ ಮಾತುಗಳೆಲ್ಲ ಅವಳು ನೆರೆಕೆರೆಯವರೊಡನೆ ಆಡುತ್ತಿದ್ದ ಕನ್ನಡದಲ್ಲೇ ಇರಲಿ, ನಿಮಗೂ ಸುಲಭ, ನನಗೂ ಸುಲಭ.

ಮೂವತ್ತು ದಾಟಿದ ಮೇಲೆ ಇನ್ನೊಂದು ಋತು ಬಂತು. ಚಪ್ಪಾಳೆಯ ಋತು. ಆಗ ನಮ್ಮ ಕಡೆಯೆಲ್ಲ ಸ್ತುತಿ-ಆರಾಧನೆಯ ಕೂಟಗಳು ಹಬ್ಬಿಕೊಂಡಿದ್ದವು. ಕೈ ಮೇಲೆತ್ತಿ ಹಾಡಬೇಕು, ಅಳಬೇಕು, ಆವೇಶ ಬಂದರೆ ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡಬೇಕು. ಸಹೋದ್ಯೋಗಿಯೊಬ್ಬಳ ಒತ್ತಾಯಕ್ಕೆ ಹೋಗಿದ್ದೆ. ಎಡಕ್ಕೂ ಬಲಕ್ಕೂ ಎಲ್ಲರಿಗೂ ಆವೇಶ ಬಂತು, ನನಗೊಬ್ಬಳಿಗೇ ಬರಲಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಹೆಚ್ಚಿನ ಹಾಳೆ ಕೇಳುತ್ತಿರುವಾಗ ಖಾಲಿ ಕೂತಂತೆ ಅವಮಾನವಾಗಿ, ಕಣ್ಣು ಮುಚ್ಚಿ ನಾಲಗೆಗೆ ಬಂದದ್ದನ್ನು ಹೇಳತೊಡಗಿದೆ. ಬಂದದ್ದು ವಿಭಕ್ತಿ ಪ್ರತ್ಯಯಗಳು. ಉ, ಅನ್ನು, ಇಂದ, ಗೆ, ಕ್ಕೆ, ದೆಸೆಯಿಂದ. ಎರಡನೆಯ ಸುತ್ತಿಗೆ ಬರುವ ಹೊತ್ತಿಗೆ ಪಕ್ಕದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತು, ಈ ಸಹೋದರಿಯ ಮೂಲಕ ದೇವರು ನಮ್ಮೂರಿಗೆ ಒಳ್ಳೆಯ ಮಳೆಯ ವಾಗ್ದಾನ ಕೊಟ್ಟಿದ್ದಾನೆಂದು ಅರ್ಥ ಬಿಡಿಸಿ ಹೇಳಿದಳು. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ನಮ್ಮಲ್ಲಿ ಮಳೆ ಯಾವ ವರ್ಷ ಕಡಿಮೆಯಾಗಿದೆ ಹೇಳಿ. ಅಲ್ಲಿಂದೀಚೆಗೆ ನಾನು ಇಗರ್ಜಿಗೆ ಹೋಗುವುದು ಕ್ರಿಸ್ಮಸ್ಸಿಗೆ ಮತ್ತು ಮಣ್ಣಿಗೆ, ಅಂದರೆ ಬೇರೆಯವರನ್ನು ಮಣ್ಣು ಮಾಡುವಾಗ.

ನಾನು ಹೀಗೆ ಅಂಗಿ ಬದಲಿಸಿದಂತೆ ಋತು ಬದಲಿಸುತ್ತಿದ್ದಾಗಲೆಲ್ಲ ಬದಲಾಗದೆ ಇದ್ದವಳು ಮಾಯ್. ಅವಳಿಗೆ ಒಂದು ಗಂಟೆ ಇತ್ತು.

ಚೆಂಡಿಯಾದ ಹತ್ತಿರ ಸಮುದ್ರದ ಅಂಚಿಗೆ ನಮ್ಮ ಕೇರಿ. ಕೇರಿಯ ತುದಿಯಲ್ಲಿ ಹಂಚಿನ ಮಾಡಿನ ಸಣ್ಣ ಚಾಪೆಲು. ಪಾದ್ರಿ ಬರುವುದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಆದರೆ ಗಂಟೆ ದಿನಕ್ಕೆ ಮೂರು ಹೊತ್ತು ಹೊಡೆಯಲೇಬೇಕು, ದೇವದೂತನು ಮರಿಯಮ್ಮನಿಗೆ ಸುದ್ದಿ ತಂದ ನೆನಪಿಗೆ. ಗಂಟೆ ಹೊಡೆಯುವುದು ನಮ್ಮ ಮನೆತನದ ಕೆಲಸ. ಅಪ್ಪ ತೀರಿಕೊಂಡ ಮೇಲೆ ಹಗ್ಗ ಮಾಯ್‌ನ ಕೈಗೆ ಬಂತು. ಅದಕ್ಕೊಂದು ಲೆಕ್ಕವಿದೆ. ಮೊದಲು ಮೂರು, ಬಿಟ್ಟು ಮತ್ತೆ ಮೂರು, ಬಿಟ್ಟು ಇನ್ನೊಮ್ಮೆ ಮೂರು, ಆಮೇಲೆ ಒಂದೇ ಸಮನೆ ಒಂಬತ್ತು. ಬಿಡುವಿನಲ್ಲಿ ಜನ ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಗದ್ದೆಯಲ್ಲಿದ್ದವರು ಗದ್ದೆಯಲ್ಲೇ, ಬಾವಿಕಟ್ಟೆಯಲ್ಲಿದ್ದವರು ಹಗ್ಗ ಹಿಡಿದೇ ನಿಲ್ಲುತ್ತಾರೆ. ಮಧ್ಯಾಹ್ನ ಹನ್ನೆರಡರ ಗಂಟೆಗೆ ಇಡೀ ಕೇರಿ ಎರಡು ನಿಮಿಷ ನಿಂತಲ್ಲೇ ನಿಲ್ಲುವುದನ್ನು ನಾನು ನೋಡಿ ಬೆಳೆದಿದ್ದೇನೆ. ನಮ್ಮವರಷ್ಟೇ ಅಲ್ಲ, ಹರಿಕಂತ್ರರ ಶೇವಂತಿ ಕೂಡ ಮೀನಿನ ಬುಟ್ಟಿ ಇಳಿಸಿ ನಿಲ್ಲುತ್ತಿದ್ದಳು. ಅವಳ ದೇವರು ಬೇರೆ, ಕುತ್ತಿಗೆ ನೋವು ಎಲ್ಲರಿಗೂ ಒಂದೇ.

ಎರಡು ಸಾವಿರದ ಇಸವಿ ಆಗಷ್ಟೇ ಹೊರಳಿತ್ತು. ನೌಕಾನೆಲೆಗೆ ಹೋದ ಭೂಮಿಯಲ್ಲಿ ನಮ್ಮ ಕೇರಿಯೂ ಸೇರಿತ್ತು. ಎಲ್ಲರ ಹಾಗೆ ನಾವೂ ಪುನರ್ವಸತಿ ಕಾಲನಿಗೆ ಬಂದೆವು, ಶೇವಂತಿಯ ಮನೆ ನಮ್ಮ ಎದುರು ಸಾಲಿಗೆ ಬಂತು. ಚಾಪೆಲು ಬಿಚ್ಚುವ ಮೊದಲು ಪೇಟೆಯ ಇಗರ್ಜಿಯಿಂದ ಸಮಿತಿಯವರು ಪಟ್ಟಿ ಹಿಡಿದು ಬಂದಿದ್ದರು. ಮೂರ್ತಿ, ಪೂಜೆಯ ಪಾತ್ರೆ, ಮೇಣದ ಕಂಬ, ಗಂಟೆ, ಎಲ್ಲ ಪಟ್ಟಿ ಸೇರಿದವು. ‘ಸದ್ಯಕ್ಕೆ ಜೋಪಾನವಾಗಿ ಇಟ್ಟಿರುತ್ತೇವೆ’ ಎಂದರು. ಸಮಿತಿಯವರ ‘ಸದ್ಯ’ ಎಷ್ಟು ಉದ್ದವೆಂದು ನಿಮಗೆ ಗೊತ್ತೇ ಇದೆ.

ಪಟ್ಟಿಗೆ ಸೇರದೆ ಉಳಿದದ್ದು ಒಂದೇ ವಸ್ತು, ಮಾತ್ರಾಕ. ಹಲಸಿನ ಮರದ ಒಂದು ಹಲಗೆ, ಅದರ ಮೇಲೆ ಕಬ್ಬಿಣದ ಬಳೆ. ಹಲಗೆ ಹಿಡಿದು ಮಣಿಕಟ್ಟು ತಿರುವಿದರೆ ಬಳೆ ಬಡಿದು ಟಕ್ಕೆಂದು ಒಣ ಸದ್ದು ಬರುತ್ತದೆ. ಪವಿತ್ರ ಗುರುವಾರದಿಂದ ಈಸ್ಟರಿನ ತನಕ, ಸ್ವಾಮಿ ಸತ್ತ ಶೋಕಕ್ಕೆ ಗಂಟೆ ಮುಟ್ಟುವಂತಿಲ್ಲ. ಆ ಮೂರು ದಿನ ಗಂಟೆಯ ಬದಲು ಈ ಹಲಗೆ. ಹುಳ ಹಿಡಿದ ಹಲಗೆ ಯಾವ ಸಮಿತಿಗೆ ಬೇಕು? ಮಾಯ್ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕಂಕುಳಲ್ಲಿಟ್ಟು, ಟೆಂಪೋದಲ್ಲಿ ಕೂತು ಬಂದಳು. ಬಂದವಳೇ ಮಂಚದ ಕೆಳಗೆ ಇಟ್ಟಳು.

ಕಾಲನಿಯಲ್ಲಿ ಒಂದು ಕಾಂಕ್ರೀಟ್ ಚಾಪೆಲು ಎದ್ದಿತು. ಟ್ಯೂಬ್‌ಲೈಟು ಬಂತು, ಟೈಲ್ಸು ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಗಂಟೆ ಬರಲಿಲ್ಲ. ಗಂಟೆ ಪೇಟೆಯ ಇಗರ್ಜಿಯ ಹೊಸ ಗೋಪುರ ಏರಿ ಕೂತಿತ್ತು. ಕೆಳಗಿನಿಂದ ಸ್ವಿಚ್ ಒತ್ತಿದರೆ ಮೋಟರು ಹೊಡೆಯುತ್ತದೆಂದು ಸಮಿತಿಯವರು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದರು. ಮಾಯ್ ಒಂದು ದಿನ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ, ಗೋಪುರದ ಬುಡದಲ್ಲಿ ನಿಂತು ಹನ್ನೆರಡರ ಗಂಟೆ ಕೇಳಿ ಬಂದಳು.

“ಹೆಂಗೆ ಕೇಳ್ತು?” ಅಂತ ಕೇಳಿದೆ.

“ಗಂಟೆ ನಮ್ದೇ. ಲೆಕ್ಕ ಇಲ್ಲ. ಇಪ್ಪತ್ತೇಳು ಹೊಡೀತು. ಬಿಡುವೇ ಇಲ್ಲ. ಜನ ಎಲ್ಲಿ ನಿಲ್ಲೂದು?”

ಆಮೇಲೆ ನಾನು ಗಮನಿಸಿದೆ. ಸಂಜೆ ನೆರೆಯವರೊಡನೆ ಕೂತು ಜಪಮಾಲೆ ಹಿಡಿಯುತ್ತಾಳೆ, ಮಣಿ ಸರಿಯುವುದಿಲ್ಲ. ತುಟಿ ಅಲುಗುವುದಿಲ್ಲ. ಪೂಜೆಗೆ ಹೋಗುತ್ತಾಳೆ, ಎಲ್ಲರೂ ಎದ್ದಾಗ ಏಳುತ್ತಾಳೆ, ಕೂತಾಗ ಕೂರುತ್ತಾಳೆ. ಬಸ್ಸಿಗೆ ಕಾಯುವವರ ಮುಖ. ಮೊದಲು ವಯಸ್ಸು ಅಂದುಕೊಂಡೆ. ತಿಂಗಳು ಕಳೆಯಿತು, ವರ್ಷ ಕಳೆಯಿತು. ಮಾಯ್ ಪ್ರಾರ್ಥನೆ ಬಿಟ್ಟಿದ್ದಳು.

ನಗಬೇಡಿ, ನನಗೆ ಹೆದರಿಕೆಯಾಯಿತು. ದೇವರಿಲ್ಲವೆಂದು ಹೇಳಿಕೊಂಡು ಓಡಾಡುವವಳಿಗೆ ಇನ್ನೊಬ್ಬರು ಪ್ರಾರ್ಥನೆ ಬಿಟ್ಟರೆ ಏನು ನಷ್ಟ? ಆದರೆ ಈ ಧೈರ್ಯವೆಲ್ಲ ನಾನು ಮಾಯ್ ಇದ್ದಾಳೆಂದು ತೋರಿಸಿದ ಧೈರ್ಯ. ಮನೆಯಲ್ಲಿ ಒಬ್ಬರಾದರೂ ದೀಪ ಹಚ್ಚುತ್ತಾರೆಂದು ಗೊತ್ತಿದ್ದರೆ ಇನ್ನೊಬ್ಬರು ಹೊರಗೆ ನಿಂತು ಕತ್ತಲೆಯ ಬಗ್ಗೆ ಭಾಷಣ ಮಾಡಬಹುದು. ಈಗ ಮನೆಯಲ್ಲಿ ಇಬ್ಬರು ನಾಸ್ತಿಕರಾದಂತಾಗಿ ನನ್ನ ನಾಸ್ತಿಕತೆಗೇ ಬೆಲೆ ಇಲ್ಲದಾಯಿತು.

ಅದಕ್ಕೇ ಅವಳನ್ನು ಒಂದು ರಿಟ್ರೀಟಿಗೆ ಕರೆದುಕೊಂಡು ಹೋದದ್ದು. ಕಾರವಾರದ ಒಂದು ಶಾಲೆಯ ಸಭಾಂಗಣ, ಮೂರು ದಿನದ ಧ್ಯಾನಕೂಟ. ಘಟ್ಟದ ಮೇಲಿನಿಂದ ಬಂದಿದ್ದ ಬೋಧಕ. ಕಿವಿಯಿಂದ ಬಾಯಿಯತನಕ ಬಾಗಿದ ಮೈಕು, ಜೇಬಿನಲ್ಲಿ ಎರಡು ಮೊಬೈಲು, ಮಾತಿಗೊಮ್ಮೆ ‘ಹೌದೋ ಅಲ್ಲವೋ’ ಎಂದು ಕೇಳುವ ಅಭ್ಯಾಸ. ಅಲ್ಲವೆಂದು ಹೇಳಲು ಯಾರಿಗೂ ಬಿಡುವು ಕೊಡುತ್ತಿರಲಿಲ್ಲ. ಮೊದಲ ದಿನವೇ ಈ ಕಾರ್ಡು ಹಂಚಿದ. ನಿಮ್ಮ ಆತ್ಮ ಯಾವ ಮರವೋ ಆ ಮರಕ್ಕೆ ಪೆನ್ನಿನಿಂದ ಗುರುತು ಹಾಕಿ ಎಂದ. ವಕೀಲರ ಹೆಂಡತಿಯರೆಲ್ಲ ವಸಂತಕ್ಕೆ ಗುರುತು ಹಾಕಿದರು. ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರು ಹಿಮಕ್ಕೆ ಹಾಕಿ ಕಣ್ಣೊರೆಸಿಕೊಂಡರು. ನಾನು ಯಾವುದಕ್ಕೂ ಹಾಕದೆ ಕಾರ್ಡಿನಿಂದ ಗಾಳಿ ಹಾಕಿಕೊಂಡೆ, ಫ್ಯಾನು ತಿರುಗುತ್ತಿರಲಿಲ್ಲ.

ಮಾಯ್ ಕಾರ್ಡನ್ನು ಬಹಳ ಹೊತ್ತು ನೋಡಿದಳು. ಬೋಧಕ ಹತ್ತಿರ ಬಂದು ಬಗ್ಗಿದ.

“ಮಮ್ಮಿ, ಏನು ಯೋಚನೆ?”

“ಇದ್ರಲ್ಲಿ ಮಳೆ ಎಲ್ಲದೆ?”

“ಮಳೆ ಋತು ಅಲ್ಲ ಮಮ್ಮಿ. ಇದು ಆತ್ಮದ ಲೆಕ್ಕ.”

ಮಾಯ್ ನನ್ನ ಪೆನ್ನು ತೆಗೆದುಕೊಂಡು ನಾಲ್ಕೂ ಮರಗಳನ್ನು ಬಿಟ್ಟು ಅಂಚಿನ ಬಿಳಿ ಜಾಗದಲ್ಲಿ ಒಂದು ಸಣ್ಣ ಗೀಟು ಎಳೆದಳು.

“ಅಲ್ಲಿ ಏನೂ ಇಲ್ಲವಲ್ಲ ಮಮ್ಮಿ,” ಅಂದ ಬೋಧಕ.

“ಹೌದು. ಅಲ್ಲಿ ಏನೂ ಇಲ್ಲ.”

ಬೋಧಕ ಅವಳ ತಲೆಯ ಮೇಲೆ ಕೈಯಿಟ್ಟು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ, ಈ ತಾಯಿಯ ಮನಸ್ಸಿನ ಗೊಂದಲ ದೂರಾಗಲಿ ಎಂದು ಪ್ರಾರ್ಥಿಸಿದ. ನನಗೆ ಮೈಯೆಲ್ಲ ಉರಿಯಿತು. ಎಪ್ಪತ್ತು ದಾಟಿದ ಹೆಂಗಸು ಬರೆದ ಒಂದು ಗೀಟನ್ನು ಓದಲು ಬಾರದವನು ಮೂರು ದಿನ ಆತ್ಮದ ವಿಷಯ ಮಾತಾಡುತ್ತಾನೆ. ಊಟದ ಹೊತ್ತಿಗೆ ಮಾಯ್‌ನ ಕೈ ಹಿಡಿದು ಹೊರಟುಬಂದೆ. ಬರುವಾಗ ಅವಳ ಕಾರ್ಡು ನನ್ನ ಚೀಲದಲ್ಲಿತ್ತು, ಪ್ಲಾಸ್ಟಿಕ್ ಹೊದಿಸಿದ್ದು ಆಮೇಲೆ.

ಮರುವಾರ ಪೇಟೆಯ ಇಗರ್ಜಿಗೆ ಹೋಗಿ ಪಾದ್ರಿಯನ್ನು ಕಂಡೆ. ಆತ ಹೊಸಬ, ಸಣ್ಣ ವಯಸ್ಸು, ಒಳ್ಳೆಯವನೇ. ಒಳ್ಳೆಯವರ ಹತ್ತಿರ ಜಗಳವಾಡುವುದು ಬಹಳ ಕಷ್ಟ. ಗಂಟೆ ನಮ್ಮದು, ಕೊಡಿ ಎಂದೆ.

“ಗಂಟೆ ಎಲ್ಲರದ್ದೂ ಅಲ್ವಾ ಟೀಚರ್. ದೇವರ ಗಂಟೆ.”

“ಎಲ್ಲರದ್ದೂ ಆದರೆ ಆರು ತಿಂಗಳು ನಮ್ಮಲ್ಲಿರಲಿ, ಆರು ತಿಂಗಳು ನಿಮ್ಮಲ್ಲಿ.”

ಆತ ನಕ್ಕ. ಗೋಪುರಕ್ಕೆ ಬೆಸುಗೆ ಹಾಕಿ ಕೂರಿಸಿದ್ದಾರೆ, ಇಳಿಸುವುದು ಕಷ್ಟ, ಸಮಿತಿ ಒಪ್ಪಬೇಕು, ಬಿಷಪರಿಗೆ ಬರೆಯಬೇಕು ಎಂದ. ಆಮೇಲೆ ಉಪಾಯ ಹೊಳೆದವನಂತೆ, ಗಂಟೆಯ ಸದ್ದು ತುಂಬಿದ ಪೆಟ್ಟಿಗೆಗಳು ಈಗ ಸಿಗುತ್ತವೆ, ಸ್ಪೀಕರಿಗೆ ಜೋಡಿಸಿದರಾಯಿತು, ಅದರಲ್ಲಿ ಒಂಬತ್ತು ದೇಶದ ಗಂಟೆಗಳಿವೆ, ಯಾವುದು ಬೇಕೋ ಆರಿಸಿಕೊಳ್ಳಬಹುದು ಎಂದ. ನಮಗೆ ಒಂದೇ ದೇಶದ್ದು ಸಾಕು ಎಂದು ಎದ್ದುಬಂದೆ.

ಮನೆಗೆ ಬಂದವಳಿಗೆ ಸಿಟ್ಟು ಇಳಿದಿರಲಿಲ್ಲ. ಮಾಯ್ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಾದ್ರಿಯ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿದೆ.

“ನಾ ಊರೆಲ್ಲ ಅಲೀತೆ. ನೀನು ದೇವರ ಹತ್ರ ಒಂದು ಮಾತು ಕೇಳೂಕೆ ಆಗೂದಿಲ್ಲ? ಗಂಟೆ ಹೋಯ್ತು ಅಂತ ಪ್ರಾರ್ಥನೆನೇ ಬಿಟ್ಟು ಕೂತ್ರೆ ಹೆಂಗೆ? ಅಷ್ಟೇ ಆಗಿತ್ತಾ ನಿನ್ನ ಭಕ್ತಿ?”

ಮಾಯ್ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

“ನಾ ಯಾವತ್ತು ಪ್ರಾರ್ಥನೆ ಮಾಡ್ದೆ, ಬಿಡೂಕೆ?”

“ಅಂದ್ರೆ?”

“ಎಲ್ಲರೂ ನಿಂತು ಪ್ರಾರ್ಥನೆ ಹೇಳೂ ಹೊತ್ತಿಗೆ ನಾ ಎಣಿಸ್ತಿದ್ದೆ. ಮೂರಾಯ್ತಾ, ಆರಾಯ್ತಾ, ಎಷ್ಟು ಬಿಡುವು ಬಿಟ್ಟೆ ಅಂತ. ಬೇಗ ಹೊಡೆದ್ರೆ ಅವರ ಮಾತು ಮುಗಿಯೂದಿಲ್ಲ. ತಡ ಮಾಡಿದ್ರೆ ಗದ್ದೆಯವರಿಗೆ ಬಿಸಿಲು. ಆ ಪ್ರಾರ್ಥನೆಯ ಮಾತು ನಂಗೆ ಪೂರಾ ಬರೂದೂ ಇಲ್ಲ. ಈಗ ಎಲ್ಲರೂ ಕೂತು ಹೇಳ್ತರೆ, ನಾನೂ ಕೂತ್ಕೊಳ್ತೆ. ಕೈಗೆ ಕೆಲಸ ಇಲ್ಲ. ಬಾಯಿಗೆ ಅಭ್ಯಾಸ ಇಲ್ಲ.”

ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ವರ್ಷಗಟ್ಟಲೆ ಮಕ್ಕಳಿಗೆ ಭಾವಾರ್ಥ ಬರೆಸಿದ ನನಗೆ ಸ್ವಂತ ತಾಯಿಯ ಭಾವಾರ್ಥ ತಿಳಿದಿರಲಿಲ್ಲ. ಅವಳು ಭಕ್ತಿ ಕಳೆದುಕೊಂಡಳೆಂದು ನಾನು ಅವಳನ್ನು ಬೋಧಕನ ಮುಂದೆ ಕೂರಿಸಿ, ತಲೆಯ ಮೇಲೆ ಕೈ ಇಡಿಸಿ ಬಂದಿದ್ದೆ. ಬೋಧಕನನ್ನು ಬೈದದ್ದು ಸರಿ. ಆದರೆ ಆ ಕಾರ್ಡನ್ನು ಓದಲು ಬಾರದವರು ಸಭಾಂಗಣದಲ್ಲಿ ಇಬ್ಬರಿದ್ದರು.

ಒಳಗೆ ಹೋಗಿ, ಮಂಚದ ಕೆಳಗಿನಿಂದ ಸೀರೆಯ ಗಂಟು ಎಳೆದು, ಮಾತ್ರಾಕವನ್ನು ತಂದು ಅವಳ ತೊಡೆಯ ಮೇಲಿಟ್ಟೆ.

“ಇದು ಸಾವಿನ ಸದ್ದು. ಆ ಮೂರು ದಿನ ಬಿಟ್ಟು ಮುಟ್ಟೂಕೆ ಇಲ್ಲ,” ಅಂದಳು. ಅವಳು ಸೆರಗಿನಿಂದ ಹಲಗೆಯ ಧೂಳು ಒರೆಸಿ, ಮತ್ತೆ ಸೀರೆ ಸುತ್ತಿದಳು. ಮಂಚದ ಕೆಳಗೆ ಇಡಲಿಲ್ಲ, ಬಾಗಿಲ ಹಿಂದೆ ಇಟ್ಟಳು.

ನಾಲ್ಕು ದಿನ ಅದು ಬಾಗಿಲ ಹಿಂದೆಯೇ ಇತ್ತು. ಐದನೆಯ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಅಂಕೋಲೆಯಿಂದ ಅವರ್ಸಾ ದಾಟಿ ಬಂದು ಬಸ್ಸಿಳಿಯುತ್ತಿದ್ದಂತೆ ಶೇವಂತಿ ಎದುರಿಗೆ ಸಿಕ್ಕಳು. ಮಾಯ್‌ಗೆ ಅವಳು ‘ಬಾಯಿ’ ಅನ್ನುತ್ತಾಳೆ.

“ಅಕ್ಕೋರೆ, ನಿಮ್ಮ ಬಾಯಿ ಇವತ್ತು ಕಾಲನಿಯವರ ಜೀವ ತೆಗೆದ್ಲು. ಹನ್ನೆರಡಕ್ಕೆ ಟಕ್ ಟಕ್ ಟಕ್ ಅಂತ ಶುರು ಮಾಡೂದಾ? ಯಾರು ಹೋದ್ರು ಅಂತ ಎಲ್ಲರೂ ಓಡಿ ಬಂದ್ರು. ನಾನೂ ಓಡಿ ಬಂದೆ.”

“ಆಮೇಲೆ?”

“ಆಮೇಲೆ ಎಂತ? ಯಾರೂ ಸತ್ತಿರ್ಲಿಲ್ಲ. ಬಂದದ್ದು ಬಂದೆ ಅಂತ ಬುಟ್ಟಿ ಇಳಿಸಿ ನಿಂತೆ.”

ಅಂದಿನಿಂದ ದಿನಾ ಹನ್ನೆರಡಕ್ಕೆ ಹಲಗೆ ಹೊಡೆಯತೊಡಗಿತು. ಕ್ರೈಸ್ತ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಅಪಚಾರ ಇದು. ವರ್ಷಕ್ಕೆ ಮೂರು ದಿನದ ಶೋಕದ ಸದ್ದು ನಮ್ಮ ಕಾಲನಿಯಲ್ಲಿ ವರ್ಷಪೂರ್ತಿ. ಮದುವೆಯ ದಿನವೂ ಅದೇ, ನಾಮಕರಣದ ದಿನವೂ ಅದೇ. ಚಾಪೆಲಿನ ಹೊಸ ಕಾರ್ಯದರ್ಶಿಗೆ ಅವಮಾನವಾಯಿತು. ಟೈಲ್ಸ್ ಹಾಕಿಸಿದ ಮೇಲೂ ಹಲಗೆ ಬಡಿದುಕೊಳ್ಳುವವರೆಂದರೆ ಏನು ಮರ್ಯಾದೆ? ಅವನು ದೂರು ಕೊಟ್ಟ. ಡಿಸೆಂಬರಿನ ಒಂದು ರವಿವಾರ ಪಾದ್ರಿಯೇ ಮನೆಗೆ ಬಂದ. ನಾನು ಚಹಾ ಮಾಡುತ್ತ ಒಳಗಿನಿಂದಲೇ ಕಿವಿಗೊಟ್ಟೆ.

“ಮಾಯ್, ಇನ್ನೇನು ಕ್ರಿಸ್ಮಸ್ ಬಂತು. ಸ್ವಾಮಿ ಹುಟ್ಟುವ ಕಾಲ. ನೀವು ಸಾಯುವ ಕಾಲದ್ದು ಹೊಡೀತಿದ್ದೀರಿ. ಹಾಗೆ ಮಾಡಬಾರದು.”

“ಗೊತ್ತದೆ ಫಾದರ್. ಆದ್ರೆ ಗಂಟೆ ಮುಟ್ಟೂಕೆ ಸಿಗದಿದ್ದಾಗ ಹೊಡೆಯೂದೇ ಇದು. ಅದೇ ಅಲ್ವಾ ನಿಯಮ?”

“ಅದು ಸ್ವಾಮಿ ಸತ್ತ ಶುಕ್ರವಾರದ ಹೊತ್ತಿಗೆ ಮಾತ್ರ.”

“ಹಂಗಾರೆ ನಮ್ಮ ಶುಕ್ರವಾರ ಮುಗಿದಿಲ್ಲ. ಗಂಟೆ ತಂದುಕೊಡಿ, ಆ ದಿನ ಈಸ್ಟರು.”

ನಾನು ಚಹಾ ತಂದು ಕೊಟ್ಟೆ, ಪಾದ್ರಿ ಪೂರ್ತಿ ಕುಡಿದ. ಹೋಗುವಾಗ ಹಲಗೆಯನ್ನು ಕೈಗೆತ್ತಿಕೊಂಡು, ಹುಳ ಹಿಡಿದ ಜಾಗಕ್ಕೆ ಗೇರೆಣ್ಣೆ ಹಚ್ಚಿ ಎಂದು ಹೇಳಿ ಹೋದ. ಗಂಟೆ ಬರಲಿಲ್ಲ, ದೂರು ಕೂಡ ಮತ್ತೆ ಬರಲಿಲ್ಲ.

ಈಗ ನನ್ನ ವಿಷಯ. ರವಿವಾರ ಮಧ್ಯಾಹ್ನ ನಾನು ಮನೆಯಲ್ಲಿರುವುದು, ರವಿವಾರ ಮಧ್ಯಾಹ್ನ ಮೀನು ಹುರಿಯುವುದು, ಎರಡೂ ಒಂದೇ ಹೊತ್ತಿಗೆ. ಮಾಯ್ ಮೆಟ್ಟಿಲ ಮೇಲೆ ನಿಂತು ಹೊಡೆಯುತ್ತಾಳೆ. ಮೂರು, ಮೂರು, ಮೂರು, ಒಂಬತ್ತು. ಮುಗಿಸಿ ಹಲಗೆಯನ್ನು ಗೋಡೆಗೆ ಒರಗಿಸಿ, ಒಳಗೆ ಕೇಳುವಂತೆ ಒಂದು ಪ್ರಶ್ನೆ.

“ಯಾರಾದ್ರೂ ನಿಂತ್ರಾ?”

ಶೇವಂತಿ ಬೀದಿಯಲ್ಲಿದ್ದರೆ, “ನಾ ನಿಂತೆ ಬಾಯಿ, ಕುತ್ತಿಗೆ ಹಗುರಾಯ್ತು,” ಅನ್ನುತ್ತಾಳೆ. ನಾನು ಕಾವಲಿಯ ಮೇಲೆ ಬಂಗಡೆ ಮಗುಚುತ್ತ, “ನಾನೂ ನಿಂತೆ,” ಅನ್ನುತ್ತೇನೆ. ಶುದ್ಧ ಸುಳ್ಳು. ನಿಂತು ಏನು ಮಾಡುವುದು, ವಿಭಕ್ತಿ ಪ್ರತ್ಯಯ ಹೇಳುವುದೇ? ಒಬ್ಬ ಮುದುಕಿಗೆ ಸಮಾಧಾನವಾಗಲಿ ಎಂದು ಹೇಳಿದ ಸುಳ್ಳು, ಇದರಿಂದ ಯಾರಿಗೇನು ಕೆಟ್ಟದ್ದು ಎಂದುಕೊಳ್ಳುತ್ತಿದ್ದೆ. ಅದರಲ್ಲಿ ಸ್ವಲ್ಪ ತಾತ್ಸಾರವೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಬೋಧಕ ಅವಳ ತಲೆಯ ಮೇಲೆ ಕೈಯಿಟ್ಟನಲ್ಲ, ನಾನು ವಾರಕ್ಕೊಮ್ಮೆ ಅದನ್ನೇ ಮಾಡುತ್ತಿದ್ದೆ. ಹೀಗೆ ಮೂರು ವರ್ಷ ನಡೆಯಿತು.

ಆ ರವಿವಾರ ಶೇವಂತಿ ಒಳ್ಳೆಯ ದಪ್ಪ ಬಂಗಡೆ ಕೊಟ್ಟಿದ್ದಳು. ರವೆ ಹಚ್ಚಿ ಕಾವಲಿಗೆ ಹಾಕಿದ್ದೆ. ಹೊರಗೆ ಹಲಗೆ ಶುರುವಾಯಿತು. ಮೂರು. ಬಿಡುವು. ಮೂರು. ಬಿಡುವು. ಒಂದು, ಎರಡು.

ಮೂರನೆಯದು ಬರಲಿಲ್ಲ.

ನನ್ನ ಕೈ ಸಟ್ಟುಗದ ಸಮೇತ ಗಾಳಿಯಲ್ಲೇ ನಿಂತಿತು. ಆ ವರ್ಷ ಮಾಯ್‌ನ ಕೈ ನಡುಗಲು ಶುರುವಾಗಿತ್ತು, ಒಂದೆರಡು ಸಲ ತಲೆ ತಿರುಗಿ ಕೂತದ್ದೂ ಇತ್ತು. ಓಡಿಹೋಗಿ ನೋಡಬೇಕೆನಿಸಿತು. ಆದರೆ ಓಡಿದರೆ ಆ ಮೂರನೆಯದು ಬರುವುದೇ ಇಲ್ಲವೇನೋ ಅನ್ನಿಸಿತು. ಎರಡು, ಎರಡು ಎಂದು ಒಳಗೇ ಹೇಳಿಕೊಳ್ಳುತ್ತ ನಿಂತೆ. ಇ‍ನ್ನೊಂದು ಬರಲಿ, ಒಂದೇ ಒಂದು ಬರಲಿ. ಯಾರನ್ನು ಕೇಳಿದೆನೋ ನನಗೆ ಗೊತ್ತಿಲ್ಲ. ಎಷ್ಟು ಹೊತ್ತಾಯಿತೋ ಅದೂ ಗೊತ್ತಿಲ್ಲ.

ಟಕ್.

ಆಮೇಲೆ ಒಂಬತ್ತು, ನಿಧಾನವಾಗಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತ. ಒಂದೊಂದನ್ನೂ ಎಣಿಸಿದೆ. ಒಂಬತ್ತು ಮುಗಿದ ಮೇಲೂ ನಿಂತೇ ಇದ್ದೆ.

“ಯಾರಾದ್ರೂ ನಿಂತ್ರಾ?” ಮೆಟ್ಟಿಲ ಕಡೆಯಿಂದ ಮಾಯ್‌ನ ದನಿ ಬಂತು.

ಯಾವತ್ತಿನ ಸುಳ್ಳು ಬಾಯಿಗೆ ಬಂದಿತ್ತು. ಅದು ಈ ದಿನ ಸುಳ್ಳಲ್ಲವೆಂದು ಹೊಳೆಯಿತು. “ನಿಂತೆ,” ಅಂದೆ. “ಪ್ರಾರ್ಥನೆ ಗೀರ್ಥನೆ ಎಂತದೂ ಮಾಡ್ಲಿಲ್ಲ. ಸುಮ್ಮನೆ ಎಣಿಸ್ತಿದ್ದೆ.”

ಮಾಯ್ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಕಾವಲಿಯಿಂದ ಹೊಗೆ ಏಳುತ್ತಿತ್ತು. ಅವಳು ಬಗ್ಗಿ ಸ್ಟೋವು ಆರಿಸಿ, ನನ್ನ ಕೈಯಿಂದ ಸಟ್ಟುಗ ತೆಗೆದುಕೊಂಡು, ಕರಟಿಹೋದ ಬಂಗಡೆಯನ್ನು ಮಗುಚಿ ನೋಡಿದಳು.

“ಮೂರು ವರ್ಷದಲ್ಲಿ ಒಂದು ಮೀನೂ ಸೀದಿರ್ಲಿಲ್ಲ,” ಅಂದಳು. ಆ ಮೀನನ್ನು ತನ್ನ ತಟ್ಟೆಗೇ ಹಾಕಿಕೊಂಡಳು.